ಹೊಟ್ಟೆಯುರಿ: ಔಷಧಿಯನ್ನು ಅರ್ಧಕ್ಕೆ ಬಿಡಬೇಡಿ



ಟಿ. ನರಸೀಪುರದಲ್ಲಿ ನನ್ನ ಖಾಲಾ ಇದ್ದಾರೆ. ಅವರ ತಲೆದಿಂಬಿನ ಕೆಳಗೆ ಗ್ಯಾಸ್ ಮಾತ್ರೆ ಇಲ್ಲದ ದಿನವಿಲ್ಲ. ಹಸಿದರೆ ಹೊಟ್ಟೆಯುರಿ, ರಾತ್ರಿ ನೋವು. ಕೊನೆಗೆ ಮೈಸೂರಿನಲ್ಲಿ ಎಂಡೋಸ್ಕೋಪಿ ಮಾಡಿಸಿದಾಗ ಸಣ್ಣ ಕರುಳಿನ ಆರಂಭದಲ್ಲಿ ಹುಣ್ಣು, ಜಠರದಲ್ಲಿ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಕಂಡುಬಂತು. ಹದಿನಾಲ್ಕು ದಿನಗಳ ಔಷಧಿ ಬರೆದುಕೊಟ್ಟರು. ಆರನೇ ದಿನಕ್ಕೆ ಉರಿ ಕಡಿಮೆಯಾಯಿತು, ರಮಝಾನ್ ಕೂಡಾ ಬಂತು. ಖಾಲಾ ಮಾತ್ರೆ ನಿಲ್ಲಿಸಿದರು. ಈದ್ ಮುಗಿಯುವಷ್ಟರಲ್ಲಿ ನೋವು ಮರಳಿತು.

ನಾನು ವೈದ್ಯೆಯಲ್ಲ, ಶಿಕ್ಷಕಿ. ಆದರೂ ಓದಿ ತಿಳಿದದ್ದನ್ನು ಹೇಳುತ್ತೇನೆ. ಹುಣ್ಣಿಗೆ ಖಾರ ಮತ್ತು ಚಿಂತೆಯೇ ಕಾರಣವೆಂದು ಬಹುಕಾಲ ನಂಬಲಾಗಿತ್ತು. 1982ರಲ್ಲಿ ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಈ ಬ್ಯಾಕ್ಟೀರಿಯಾವನ್ನು ಬೆಳೆಸಿ ತೋರಿಸಿದರು. 1984ರಲ್ಲಿ ಮಾರ್ಷಲ್ ಅದನ್ನು ತಾವೇ ಕುಡಿದು ಜಠರದ ಉರಿಯೂತಕ್ಕೆ ಒಳಗಾದರು. 2005ರಲ್ಲಿ ಇಬ್ಬರಿಗೂ ನೊಬೆಲ್ ಪ್ರಶಸ್ತಿ ಬಂತು.

ಕಬಿನಿ ನಾಲೆಯ ತೂಬನ್ನು ನೀವು ನೋಡಿರುತ್ತೀರಿ. ಜಠರದಲ್ಲೂ ಹಾಗೆಯೇ ತೂಬು ತೆರೆಯುವ ಕೈಯೊಂದು, ಮುಚ್ಚುವ ಕೈಯೊಂದು ಇದೆ. ಗ್ಯಾಸ್ಟ್ರಿನ್ ಎಂಬ ಹಾರ್ಮೋನು ಆಮ್ಲವನ್ನು ಹರಿಸುತ್ತದೆ, ಸೊಮಾಟೊಸ್ಟಾಟಿನ್ ತಡೆಯುತ್ತದೆ. ಜಠರದ ಕೆಳಭಾಗದಲ್ಲಿ ಈ ಬ್ಯಾಕ್ಟೀರಿಯಾ ನೆಲೆಸಿದರೆ ತಡೆಯುವ ಕೈ ಸೋಲುತ್ತದೆ. ಗ್ಯಾಸ್ಟ್ರಿನ್ ಏರಿ, ಆಮ್ಲ ಹೆಚ್ಚಿ, ಕರುಳಿನಲ್ಲಿ ಹುಣ್ಣಾಗುತ್ತದೆ. ಬ್ಯಾಕ್ಟೀರಿಯಾ ಪೂರ್ತಿ ನಾಶವಾದ ಮೇಲೆ ಸೊಮಾಟೊಸ್ಟಾಟಿನ್ ಚೇತರಿಸಿಕೊಂಡು ಗ್ಯಾಸ್ಟ್ರಿನ್ ಇಳಿಯುತ್ತದೆ. ಆಮ್ಲವೂ ನಿಧಾನವಾಗಿ ಹತೋಟಿಗೆ ಬರುತ್ತದೆ.

ಎಲ್ಲರಲ್ಲೂ ಹೀಗೆಯೇ ಆಗುವುದಿಲ್ಲ. ಸೋಂಕು ಜಠರವಿಡೀ ಹರಡಿ ಗ್ರಂಥಿಗಳು ಸೊರಗಿದವರಲ್ಲಿ ಆಮ್ಲ ಮೊದಲೇ ಕಡಿಮೆ ಇರುತ್ತದೆ. ಚಿಕಿತ್ಸೆಯ ನಂತರ ಅವರಲ್ಲಿ ಅದು ಮತ್ತೆ ಹೆಚ್ಚಬಹುದು, ಕೆಲವರಿಗೆ ಎದೆಯುರಿ ಕಾಣಬಹುದು. ಹಸಿವನ್ನು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನೂ ಜಠರದಲ್ಲೇ ತಯಾರಾಗುತ್ತದೆ. ಚಿಕಿತ್ಸೆಯ ನಂತರ ಅದು ಏರುತ್ತದೋ ಇಳಿಯುತ್ತದೋ ಎಂಬ ಬಗ್ಗೆ ಅಧ್ಯಯನಗಳು ಒಂದೇ ಉತ್ತರ ಕೊಟ್ಟಿಲ್ಲ. ಆದರೆ ಕೆಲವರ ಹಸಿವು, ತೂಕ ಹೆಚ್ಚುವುದುಂಟು.

ಖಾಲಾ ಮಾಡಿದ ಇನ್ನೊಂದು ತಪ್ಪು, ವರ್ಷಗಟ್ಟಲೆ ತಾವಾಗಿಯೇ ಗ್ಯಾಸ್ ಮಾತ್ರೆ ನುಂಗಿದ್ದು. ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್‌ನಂತಹ ಮಾತ್ರೆಗಳು ಆಮ್ಲವನ್ನು ತಗ್ಗಿಸಿದಾಗ ದೇಹ ಗ್ಯಾಸ್ಟ್ರಿನ್ ಹೆಚ್ಚಿಸುತ್ತದೆ. ಬಹುಕಾಲ ಸೇವಿಸಿ ಥಟ್ಟನೆ ಬಿಟ್ಟರೆ ಆಮ್ಲ ಕೆಲವು ವಾರ ಉಕ್ಕಬಹುದು. ಈ ಮಾತ್ರೆಯಿಂದ ಉರಿ ಶಮನವಾಗುತ್ತದೆಯೇ ಹೊರತು ಅದೊಂದರಿಂದಲೇ ಬ್ಯಾಕ್ಟೀರಿಯಾ ಸಾಯುವುದಿಲ್ಲ. ಅದಕ್ಕೆ ಆ್ಯಂಟಿಬಯೋಟಿಕ್‌ಗಳು ಜೊತೆಗೆ ಬೇಕು. ಅವನ್ನು ಅರ್ಧಕ್ಕೆ ಬಿಟ್ಟರೆ ಉಳಿದ ಬ್ಯಾಕ್ಟೀರಿಯಾ ಔಷಧಿಗೆ ಬಗ್ಗದಂತಾಗಬಹುದು.

ಕೋರ್ಸ್ ಮುಗಿದು ಕನಿಷ್ಠ ನಾಲ್ಕು ವಾರಗಳ ಬಳಿಕ ಉಸಿರಿನ ಅಥವಾ ಮಲದ ಪರೀಕ್ಷೆ ಮಾಡಿಸಬೇಕು. ಪರೀಕ್ಷೆಗೆ ಎರಡು ವಾರ ಮೊದಲೇ, ವೈದ್ಯರನ್ನು ಕೇಳಿ, ಗ್ಯಾಸ್ ಮಾತ್ರೆ ನಿಲ್ಲಿಸಬೇಕು. ಇಲ್ಲವಾದರೆ ಸೋಂಕು ಇದ್ದರೂ ಇಲ್ಲವೆಂದು ವರದಿ ಬರಬಹುದು. ಮಲ ಕಪ್ಪಾಗಿ ಟಾರಿನಂತಾದರೆ, ರಕ್ತ ವಾಂತಿಯಾದರೆ ಆ ಕೂಡಲೇ ಆಸ್ಪತ್ರೆಗೆ ಹೋಗಿ. ಮಂಡಿನೋವಿಗೆಂದು ಕೇಳದೆ ನೋವಿನ ಮಾತ್ರೆ ನುಂಗಬೇಡಿ.

ಇನ್ನು ಉಪವಾಸದ ಮಾತು. ಕೆಲವು ಕೋರ್ಸ್‌ಗಳಲ್ಲಿ ದಿನಕ್ಕೆ ನಾಲ್ಕು ಬಾರಿ ಔಷಧಿ ಇರುತ್ತದೆ. ರೋಗಿಗೆ ಉಪವಾಸವನ್ನು ಬೇರೆ ದಿನಗಳಿಗೆ ಮುಂದೂಡುವ ರಿಯಾಯಿತಿಯನ್ನು ಅಲ್ಲಾಹನೇ ಕೊಟ್ಟಿದ್ದಾನೆ. ಅದನ್ನು ಪಡೆಯಲು ಸಂಕೋಚವೇಕೆ?

ನಮ್ಮ ನಂಜನಗೂಡಿನ ನಂಜುಂಡನಿಗೆ ‘ಹಕೀಮ್’ ಎಂಬ ಹೆಸರಿಟ್ಟವರು ಟಿಪ್ಪು ಸುಲ್ತಾನರೆಂದು ಜನ ಹೇಳುತ್ತಾರೆ. ಖಾಲಾಗೆ ಈ ಕಥೆ ನೆನಪಿಸಿ, “ಹಕೀಮರ ಊರಿನ ಪಕ್ಕದಲ್ಲಿದ್ದೂ ಔಷಧಿ ಅರ್ಧಕ್ಕೆ ಬಿಡುತ್ತೀರಾ?” ಎಂದು ಕೇಳಿದೆ. ನಕ್ಕರು. ಈ ಬಾರಿ ಹೊಸ ಕೋರ್ಸನ್ನು ಹದಿನಾಲ್ಕು ದಿನವೂ ಮುಗಿಸಿದ್ದಾರೆ. ಪರೀಕ್ಷೆಯ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡಿದ್ದಾರೆ.