ಶುಕ್ರವಾರದ ಹರಟೆ: ಮರಳುಗಾಡಿನಲ್ಲಿ ಮಳೆ, ಗಂಟೆ ಮತ್ತು ಮೂರು ಸ್ವರ

ಕಳೆದ ವಾರ ಬರೆಯಲಾಗಲಿಲ್ಲ, ಕ್ಷಮಿಸಿ. ಕೆಲಸದ ಒತ್ತಡವೂ ಅಲ್ಲ, ಸೋಮಾರಿತನವೂ ಅಲ್ಲ. ಒಂದು ಹಾಡು ತಲೆಯೊಳಗೆ ಹೊಕ್ಕು ಕೂತುಬಿಟ್ಟಿತ್ತು.

ಆದದ್ದಿಷ್ಟು. ಶನಿವಾರ ಅಬುಧಾಬಿಯಿಂದ ದುಬೈಗೆ ಹೊರಟಿದ್ದೆವು. ಕರಾಮದಲ್ಲಿ ಊಟ, ಆಮೇಲೆ ಕುಚ್ಚಲಕ್ಕಿ, ಹಪ್ಪಳ, ಉಪ್ಪಿನಕಾಯಿ... ತಿಂಗಳಿಗೊಮ್ಮೆಯ ನಮ್ಮ ಸವಾರಿ. ಮುಂದಿನ ಸೀಟಿನಲ್ಲಿ ಹದಿನಾರರ ಮಗ, ಹಿಂದೆ ನನ್ನಾಕೆ. ಘಂಟೂತ್ ದಾಟಿರಬೇಕು, ಇದ್ದಕ್ಕಿದ್ದ ಹಾಗೆ ಧೋ ಅಂತ ಮಳೆ! ನನ್ನ ಕೈ ತಾನಾಗಿಯೇ ವೈಪರ್ ಕಡೆ ಹೋಯ್ತು. ಹೊರಗೆ ನೋಡಿದರೆ ಸುಡು ಬಿಸಿಲು. 2024ರ ಏಪ್ರಿಲ್ 16ರ ಮಳೆ ನೋಡಿದ ನಮ್ಮಂಥವರು ಆ ಶಬ್ದಕ್ಕೆ ಈಗಲೂ ಸ್ವಲ್ಪ ಬೆಚ್ಚುತ್ತೇವೆ. ಮಗ ನಗುತ್ತಾ ತನ್ನ ಮೊಬೈಲ್ ತೋರಿಸಿದ. ಮಳೆ ಬರ್ತಿದ್ದದ್ದು ಕಾರಿನ ಸ್ಪೀಕರಿನಲ್ಲಿ!

ಮಳೆಯ ಹಿಂದೆ ದೂರದಲ್ಲೊಂದು ಚರ್ಚಿನ ಗಂಟೆ. ಆಮೇಲೆ ಗಿಟಾರಿನ ಮೂರೇ ಮೂರು ಸ್ವರ, ನಿಧಾನವಾಗಿ, ಆನೆ ಹೆಜ್ಜೆ ಇಟ್ಟ ಹಾಗೆ. "ಆಫ್ ಮಾಡೋ ಮಾರಾಯ, ಹಗಲು ಹೊತ್ತಿನಲ್ಲೇ ಭೂತ ಬಂದ ಹಾಗಾಗ್ತದೆ" ಅಂದೆ. ಹಿಂದಿನ ಸೀಟಿನಿಂದ ನನ್ನಾಕೆಯ ತೀರ್ಪು ಬಂತು: "ಭೂತ ಎಂಥದೂ ಇಲ್ಲ. ಷಡ್ಜ, ಮೇಲಿನ ಷಡ್ಜ, ಪ್ರತಿಮಧ್ಯಮ. ಅಷ್ಟೇ." ಎಂಟು ವರ್ಷ ಕರ್ನಾಟಕ ಸಂಗೀತ ಕಲಿತವಳು, ಅವಳ ಹತ್ತಿರ ವಾದ ಮಾಡುವ ಹಾಗಿಲ್ಲ.

ಆಗ ಮಗ ಹೇಳಿದ ಮಾತು ಈ ಬರಹಕ್ಕೆ ಕಾರಣ. "ಪಪ್ಪ, ಇದನ್ನ ನುಡಿಸಿದವನಿಗೆ ಎರಡು ಬೆರಳಿನ ತುದಿ ಇಲ್ಲ, ಗೊತ್ತಾ? ಫ್ಯಾಕ್ಟರಿಯಲ್ಲಿ ಹೋದದ್ದು." ಜೆಬೆಲ್ ಅಲಿ ದಾಟುವವರೆಗೆ ನಾನು ಮಾತಾಡಲಿಲ್ಲ.

ಆ ತಂಡ ಬ್ಲ್ಯಾಕ್ ಸಬಾತ್. ತಂಡದ ಹೆಸರೇ ಆಲ್ಬಂನ ಹೆಸರು, ಮೊದಲ ಹಾಡಿನ ಹೆಸರೂ ಅದೇ. ಇಂಗ್ಲೆಂಡಿನಲ್ಲಿ ಬಿಡುಗಡೆಯಾದದ್ದು 1970ರ ಫೆಬ್ರವರಿ 13, ಶುಕ್ರವಾರ. ಹೆವಿ ಮೆಟಲ್ ಅನ್ನುವ ಸಂಗೀತ ಹುಟ್ಟಿದ್ದು ಈ ಆಲ್ಬಂನಿಂದಲೇ ಅಂತ ಬಹಳ ಜನ ಹೇಳ್ತಾರೆ. ನಾಲ್ವರೂ ಬರ್ಮಿಂಗ್‌ಹ್ಯಾಮ್‌ನ ಆಸ್ಟನ್ ಎಂಬ ಕಾರ್ಮಿಕರ ಬಡಾವಣೆಯ ಹುಡುಗರು. ಹಾಡುಗಾರ ಆಜಿ ಆಸ್ಬರ್ನ್ ಕಸಾಯಿಖಾನೆಯಲ್ಲಿ ದುಡಿದವನು, ಕಾರ್ಖಾನೆಯಲ್ಲಿ ಕಾರಿನ ಹಾರ್ನ್ ಪರೀಕ್ಷಿಸುತ್ತಿದ್ದವನು. ಲಂಡನ್ನಿನ ಸ್ಟುಡಿಯೋದಲ್ಲಿ ಇಡೀ ಆಲ್ಬಂ ಧ್ವನಿಮುದ್ರಣವಾದದ್ದು 1969ರ ಅಕ್ಟೋಬರಿನ ಒಂದೇ ದಿನ, ಸುಮಾರು 12 ಗಂಟೆಯಲ್ಲಿ. ವೇದಿಕೆಯಲ್ಲಿ ನುಡಿಸುವ ಹಾಗೆ ನುಡಿಸಿ ಎದ್ದು ಬಂದರು. ವಿಮರ್ಶಕರು ಬೈದರು, ಜನ ಕೊಂಡರು. ಬ್ರಿಟನ್ನಿನ ಪಟ್ಟಿಯಲ್ಲಿ 8ನೇ ಸ್ಥಾನಕ್ಕೆ ಹೋಯ್ತು.

ಗಿಟಾರಿನ ಟೋನಿ ಅಯೋಮಿಯ ಕಥೆ ಇದು. ಹದಿನೇಳನೇ ವಯಸ್ಸಿಗೆ ಲೋಹದ ತಗಡಿನ ಕಾರ್ಖಾನೆಯಲ್ಲಿ ಕೆಲಸ. ಸಂಗೀತಕ್ಕೆ ಹೋಗುತ್ತೇನೆಂದು ಕೆಲಸ ಬಿಟ್ಟಿದ್ದ, ಅವತ್ತು ಕೊನೆಯ ದಿನ. ಪ್ರೆಸ್ ಮೆಷಿನ್ ನಡೆಸುವವರು ಬಂದಿರಲಿಲ್ಲ. ಆ ಮೆಷಿನ್ನಿಗೆ ಇವನನ್ನು ನಿಲ್ಲಿಸಿದರು. ಬಲಗೈಯ ಮಧ್ಯದ ಬೆರಳು, ಉಂಗುರ ಬೆರಳು, ಎರಡರ ತುದಿಯೂ ಹೋಯ್ತು. ಅವನು ಎಡಚ, ಹಾಗಾಗಿ ತಂತಿ ಒತ್ತಬೇಕಾದದ್ದೇ ಆ ಬಲಗೈ ಬೆರಳುಗಳಿಂದ. ಮನೆಯಲ್ಲಿ ಕುಗ್ಗಿ ಕೂತಿದ್ದವನಿಗೆ ಕಾರ್ಖಾನೆಯ ಫೋರ್‌ಮನ್ ಒಂದು ರೆಕಾರ್ಡ್ ತಂದುಕೊಟ್ಟ. ಬೆಂಕಿ ಅವಘಡದಲ್ಲಿ ಎರಡು ಬೆರಳು ಕೆಲಸಕ್ಕೆ ಬಾರದಂತಾದ ಮೇಲೂ ನುಡಿಸಿ ಹೆಸರಾದ ಜಾಂಗೋ ರೈನ್‌ಹಾರ್ಟ್‌ನ ಗಿಟಾರ್ ಅದು. ಹುಡುಗ ಎದ್ದು ಕೂತ. ಪಾತ್ರೆ ತೊಳೆಯುವ ಸೋಪಿನ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿಕೊಂಡ. ಗಟ್ಟಿ ತಂತಿ ಒತ್ತಿದರೆ ನೋವು, ಅದಕ್ಕೇ ತೆಳು ತಂತಿ ಹಾಕಿದ. ಮುಂದೆ 1971ರ ಮೂರನೇ ಆಲ್ಬಂನಲ್ಲಿ ತಂತಿಯನ್ನು ಸಡಿಲಿಸಿ ಶ್ರುತಿಯನ್ನೇ ಇಳಿಸಿದ. ಇವತ್ತು ಜಗತ್ತಿನ ಮೆಟಲ್ ತಂಡಗಳು ಬೆನ್ನು ಹತ್ತಿರುವ ಆ ಭಾರದ ನಾದಕ್ಕೆ ಒಬ್ಬ ಕಾರ್ಮಿಕನ ನೋವೂ ಒಂದು ಕಾರಣ!

ನನ್ನಾಕೆಯ ಪ್ರತಿಮಧ್ಯಮಕ್ಕೆ ಬರ್ತೇನೆ. ನಮ್ಮ 72 ಮೇಳಕರ್ತಗಳಲ್ಲಿ 36ಕ್ಕೆ ಅದೇ ಮಧ್ಯಮ. ಕಲ್ಯಾಣಿಯಲ್ಲಿ ಅದೇ ಸ್ವರ ಕೇಳಿ ಮದುವೆಮನೆಯಲ್ಲಿ ತಲೆದೂಗುತ್ತೇವೆ. ಪಶ್ಚಿಮದಲ್ಲಿ ಮಾತ್ರ ಷಡ್ಜದಿಂದ ಅಲ್ಲಿಗಿರುವ ಅಂತರಕ್ಕೆ ಸೈತಾನನ ಹೆಸರಿಟ್ಟರು. "ಭಯ ಸ್ವರದಲ್ಲಿಲ್ಲ ರೀ. ಪಂಚಮಕ್ಕೆ ಹೋಗಲು ಬಿಡದೆ ಅದನ್ನ ಅಲ್ಲೇ ಒಂಟಿಯಾಗಿ ನಿಲ್ಲಿಸಿದ್ದಾರಲ್ಲ, ಅದಕ್ಕೆ ಹಾಗನ್ನಿಸ್ತದೆ" ಅಂದಳು.

ಇದೆಲ್ಲ ನಮಗೆ ಸಂಬಂಧವಿಲ್ಲದ್ದು ಅಂದ್ಕೋಬೇಡಿ. 2007ರ ಮಾರ್ಚಿನಲ್ಲಿ ಐರನ್ ಮೇಡನ್ ತಂಡ ದುಬೈನ ಡೆಸರ್ಟ್ ರಾಕ್ ಉತ್ಸವದಲ್ಲಿ ನುಡಿಸಿ, ಅದೇ ತಿಂಗಳ 17ಕ್ಕೆ ಬೆಂಗಳೂರಿನ ಅರಮನೆ ಮೈದಾನದಲ್ಲಿತ್ತು. 2011ರ ಅಕ್ಟೋಬರ್ 25ಕ್ಕೆ ಮೆಟಾಲಿಕಾ ಅಬುಧಾಬಿಯ ಯಾಸ್ ದ್ವೀಪದಲ್ಲಿ, 30ಕ್ಕೆ ಮತ್ತದೇ ಅರಮನೆ ಮೈದಾನದಲ್ಲಿ. ಆ ರಾತ್ರಿ ಯಾಸ್ ಕಡೆ ಟ್ರಾಫಿಕ್‌ನಲ್ಲಿ ಸಿಕ್ಕಿಬಿದ್ದ ನಾನು ಕಪ್ಪು ಟೀ ಶರ್ಟಿನ ಹುಡುಗರನ್ನು ನೋಡಿ "ಇವಕ್ಕೆಲ್ಲ ಮರುಳು" ಅಂದಿದ್ದೆ. ಈಗ ಅಂಥದೊಂದು ನನ್ನ ಮನೆಯಲ್ಲೇ ಇದೆ!

ಮಗ ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲಿನ ಆಲ್ಬಂ ಅವನನ್ನು ಯಾಕೆ ಹಿಡಿಯಬೇಕು? ಕೇಳಿದೆ. "ಪಪ್ಪ, ಬೇರೆ ಎಲ್ಲ ಹಾಡೂ ನಾನು ಖುಷಿಯಾಗಿದ್ದೀನಿ ಅಂತ್ಲೇ ಅಂದ್ಕೊಳ್ತವೆ. ಇದು ಹಾಗಲ್ಲ" ಅಂದ. ಅದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುವುದಿಲ್ಲ.

ಇನ್ನು ನಾನು ಕಾರಿನಲ್ಲಿ ಮಾತು ನಿಲ್ಲಿಸಿದ ಕಾರಣ.

2009ರಲ್ಲಿ ನಾನು ಮುಸಫ್ಫಾದ ಒಂದು ವರ್ಕ್‌ಶಾಪಿನಲ್ಲಿ ಸೂಪರ್‌ವೈಸರ್ ಆಗಿದ್ದೆ. ತಗಡು ಕತ್ತರಿಸಿ ಎಸಿ ಡಕ್ಟ್ ಮಾಡುವ ಜಾಗ. ಬೈಂದೂರು ಕಡೆಯ ಹುಡುಗನೊಬ್ಬನಿದ್ದ, ಸುರೇಶ ಅಂತಿಟ್ಟುಕೊಳ್ಳಿ. ಊರಿನ ಯಕ್ಷಗಾನದಲ್ಲಿ ಮದ್ದಳೆ ಬಾರಿಸುತ್ತಿದ್ದವನು. ಇಲ್ಲಿ ಕ್ಯಾಂಪಿನಲ್ಲಿ ರಜೆ ದಿನ ಸೂಟ್‌ಕೇಸಿನ ಮೇಲೆಯೇ ಏಕತಾಳ, ರೂಪಕ... ಕೇಳಲು ಜನ ಸೇರುತ್ತಿದ್ದರು. ಒಂದು ದಿನ ಪ್ರೆಸ್ಸಿನವನು ರಜೆ. ಕೆಲಸ ಅರ್ಜೆಂಟು. "ಸುರೇಶ, ಇವತ್ತೊಂದಿನ ನೀನು ನೋಡ್ಕೊ" ಅಂದವನು ನಾನು. ಅವನ ಬಲಗೈ ತೋರುಬೆರಳಿನ ತುದಿ ಹೋಯ್ತು.

ರಿಪೋರ್ಟ್ ಬರೆದದ್ದೂ ನಾನೇ. 'ಕೆಲಸಗಾರನ ಅಜಾಗರೂಕತೆ' ಅಂತ ಬರೆದೆ. ಆ ಮೆಷಿನ್ ಅವನದ್ದಲ್ಲ ಅನ್ನುವುದನ್ನು ಬರೆಯಲಿಲ್ಲ. ಆಸ್ಪತ್ರೆಗೆ ಸೇಬು ತಗೊಂಡು ಹೋಗಿ ಬಂದೆ. ಬರ್ಮಿಂಗ್‌ಹ್ಯಾಮ್‌ನ ಫೋರ್‌ಮನ್ ರೆಕಾರ್ಡ್ ತಗೊಂಡು ಹೋದ, ನಾನು ಸೇಬು. ಮರುವರ್ಷ ಸುರೇಶ ಊರಿಗೆ ಹೋದ. ಮದ್ದಳೆ ಮತ್ತೆ ಮುಟ್ಟಿದ್ದಾನೋ ಇಲ್ಲವೋ, ನಾನು ಕೇಳಿರಲೇ ಇಲ್ಲ.

ಈ ವಾರ ನಂಬರ್ ಹುಡುಕಿ ಫೋನ್ ಮಾಡಿದೆ. ಮಳೆ, ಅಡಿಕೆ, ಮಕ್ಕಳು ಎಲ್ಲ ಆದ ಮೇಲೆ ರಿಪೋರ್ಟಿನ ವಿಷಯ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಸುಮ್ಮನಿದ್ದ.

"ಗೊತ್ತಿತ್ತು ಮಾರಾಯ್ರೆ. ಆ ಕಾಗದಕ್ಕೆ ನಂದೂ ಸೈನ್ ಇತ್ತಲ್ದಾ. ಎಡಗೈಯಲ್ಲಿ ಹಾಕಿದ್ದು."

ಏನು ಹೇಳಬೇಕೋ ತಿಳಿಯದೆ ಅಯೋಮಿಯ ಕಥೆ ಹೇಳಿದೆ. 2025ರ ಜುಲೈ 5ರಂದು ಆಸ್ಟನ್ನಿನ ವಿಲ್ಲಾ ಪಾರ್ಕಿನಲ್ಲಿ ಆ ನಾಲ್ವರೂ ಕೊನೆಯ ಸಲ ಒಟ್ಟಿಗೆ ನುಡಿಸಿದ್ದು, ಪಾರ್ಕಿನ್ಸನ್ ಕಾಯಿಲೆಯ ಆಜಿ ಕುರ್ಚಿಯಲ್ಲಿ ಕೂತೇ ಹಾಡಿದ್ದು, 22ಕ್ಕೆ ತೀರಿಕೊಂಡದ್ದು ಎಲ್ಲ ಹೇಳಿದೆ. ಅವನು ಅದನ್ನೆಲ್ಲ ಬಿಟ್ಟು ಒಂದೇ ಕೇಳಿದ: "ಅವ್ರಿಗೆ ಯಾವ ಬೆರಳು ಹೋದದ್ದು?"

"ಮಧ್ಯದ್ದು, ಉಂಗುರದ್ದು."

"ಎರಡಾ? ಕಳ್ಸಿ, ಕಾಂಬ."

ಕಳಿಸಿದ್ದೇನೆ. ಎರಡು ನೀಲಿ ಗೀಟು ಬಂದಿವೆ, ಉತ್ತರ ಬಂದಿಲ್ಲ. ಮದ್ದಳೆಯ ವಿಷಯ ಈ ಸಲವೂ ಕೇಳಲಾಗಲಿಲ್ಲ. ಇನ್ನೊಮ್ಮೆ ಫೋನ್ ಮಾಡಬೇಕು.

ಮುಂದಿನ ಶುಕ್ರವಾರ ಸಿಗೋಣ.