ಅಜ್ಜಿಗೆ ರೆಸ್ಟ್ ಕೊಡ್ಬೇಡಿ

ಜನವರಿ ಎರಡನೇ ವಾರ ಹೆಮ್ಮಾಡಿಗೆ ಬಂದವರಿಗೆ ಗೊತ್ತಿರುತ್ತೆ, ಗದ್ದೆ ತುಂಬ ಹಳದಿ ಸೇವಂತಿಗೆ. ಮಳೆಗಾಲದಲ್ಲಿ ನೆಟ್ಟ ಗಿಡ ಮಕರ ಸಂಕ್ರಮಣಕ್ಕೇ ಸರಿಯಾಗಿ ಹೂ ಬಿಡಬೇಕು, ಮಾರಣಕಟ್ಟೆ ಬ್ರಹ್ಮಲಿಂಗೇಶ್ವರನ ಜಾತ್ರೆಗೆ. ನಮ್ಮನೇಲಿ ಹೂ ಎಣಿಸಿ ಕಟ್ಟೋದು ಅಜ್ಜಿಯ ಕೆಲಸ. ಮಧ್ಯೆ ಮಾತಾಡಿಸಿದ್ರೆ, "ಲೆಕ್ಕ ತಪ್ಪಿಸ್ಬೇಡ, ಆಚಿಗ್ ಹೋಗ್" ಅಂತ ಬೈಗುಳ ಗ್ಯಾರಂಟಿ.

ಅಜ್ಜ ತೀರಿಹೋದ ವರ್ಷವೂ ಅವಳು ಹೂವಿನ ರಾಶಿ ಮುಂದೆ ಕೂತಳು. ಆಮೇಲೆ ನಾವೆಲ್ಲ ಸೇರಿ ಒಂದು "ಒಳ್ಳೇ ಕೆಲಸ" ಮಾಡಿದ್ವಿ. ಸಾಕು, ಇನ್ನು ರೆಸ್ಟ್ ಅಂತ ಬೆಂಗಳೂರಿನ ಫ್ಲ್ಯಾಟಿಗೆ ಕರ್ಕೊಂಡು ಬಂದ್ವಿ. ಜೋರಾಗಿ ಒತ್ತಾಯ ಮಾಡಿದವನು ನಾನೇ. ಆರು ತಿಂಗಳಲ್ಲಿ ಮಾತು ಕಮ್ಮಿಯಾಯ್ತು. ಕೇಳಿದ್ದನ್ನೇ ಕೇಳ್ತಿದ್ದಳು. ಸ್ಕ್ಯಾನ್ ಮಾಡಿಸಿದಾಗ ರಿಪೋರ್ಟಿನಲ್ಲಿ ಇದ್ದದ್ದು, ವಯಸ್ಸಿಗೆ ತಕ್ಕಷ್ಟು ಮೆದುಳು ಕುಗ್ಗಿದೆ ಅಂತ. ಮುಗೀತು ಅಂದ್ಕೊಂಡೆ. ಹಾರ್ಡ್‌ವೇರ್ ಹೋದ ಮೇಲೆ ಸಾಫ್ಟ್‌ವೇರ್ ಏನು ಮಾಡೋಕಾಗುತ್ತೆ?

ಈ ಹೋಲಿಕೆಯೇ ತಪ್ಪು. 1988ರಲ್ಲಿ ಅಮೆರಿಕದ ರಾಬರ್ಟ್ ಕಾಟ್ಜ್‌ಮನ್ ತಂಡ ನರ್ಸಿಂಗ್ ಹೋಮಿನಲ್ಲಿದ್ದ 137 ವೃದ್ಧರ ಮೆದುಳನ್ನು ಅವರ ಮರಣಾನಂತರ ಪರೀಕ್ಷಿಸಿ ವರದಿ ಬರೆಯಿತು. ಅವರಲ್ಲಿ ಹತ್ತು ಮಂದಿಯ ಮೆದುಳಲ್ಲಿ ಅಲ್‌ಝೈಮರ್‌ನ ಕಲೆಗಳು ಧಾರಾಳವಾಗಿದ್ದವು. ಆದರೆ ಬದುಕಿದ್ದಾಗ ಅವರ ಬುದ್ಧಿ ಚುರುಕಾಗಿಯೇ ಇತ್ತು. ಅವರ ಮೆದುಳು ಹೆಚ್ಚು ತೂಕವಿತ್ತು, ದೊಡ್ಡ ನರಕೋಶಗಳೂ ಹೆಚ್ಚಿದ್ದವು. ಅಂದ್ರೆ ರಚನೆ ಮುಖ್ಯ ಹೌದು, ಆದ್ರೆ ಹಾನಿ ಎಷ್ಟು ಅನ್ನೋದರಿಂದಲೇ ಮನುಷ್ಯ ಎಷ್ಟು ತಡೆದುಕೊಳ್ತಾನೆ ಅಂತ ಹೇಳೋಕಾಗಲ್ಲ. ಓದು, ಕೆಲಸ, ಜನರ ಒಡನಾಟದಿಂದ ಕೂಡಿಟ್ಟ ಒಂದು ಮೀಸಲೂ ಇರುತ್ತೆ ಅನ್ನೋ ವಾದ ಬೆಳೆದದ್ದು ಇಂಥ ಒಗಟುಗಳಿಂದ.

"ಓದು" ಅಂದ ಕೂಡಲೇ ನಮ್ಮ ಅಜ್ಜಿಯಂದಿರು ಲಿಸ್ಟಿನಿಂದ ಹೊರಗೆ ಅಂದ್ಕೋಬೇಡಿ. ಈಗ ನಿಮ್ಹಾನ್ಸ್‌ನಲ್ಲಿರುವ ಸುವರ್ಣಾ ಅಲ್ಲಾಡಿ ಅವರ ತಂಡ ಹೈದರಾಬಾದಿನ 648 ಡಿಮೆನ್ಶಿಯಾ ರೋಗಿಗಳನ್ನು ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿತು: ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿತ್ತು. ಶಾಲೆಯ ಮೆಟ್ಟಿಲು ಹತ್ತದವರಲ್ಲೂ ಈ ವ್ಯತ್ಯಾಸ ಇತ್ತು. ನನ್ನಜ್ಜಿ ಮನೇಲಿ ಕುಂದಾಪ್ರ ಕನ್ನಡ, ಮೀನು ತರುವವಳ ಹತ್ರ ಕೊಂಕಣಿ. ಫ್ಲ್ಯಾಟಿನಲ್ಲಿ ಅವಳಿಗೆ ಎರಡಕ್ಕೂ ಗಿರಾಕಿ ಇರಲಿಲ್ಲ.

ವೈವಾದಲ್ಲಿ ಕೇಳುವ ಹಾಗೆ ನೀವು ಕೇಳಬಹುದು, ಇದು ಕಾರಣವೋ ಬರೀ ಕಾಕತಾಳೀಯವೋ? ಒಳ್ಳೆ ಪ್ರಶ್ನೆ. ಮೆದುಳು ಸೋಲತೊಡಗಿದವರೇ ಮೊದಲು ಕೆಲಸ, ಜನ ಎರಡನ್ನೂ ಬಿಡುತ್ತಾರೆ, ಆಗ ನಮಗೆ ಬಾಣ ಉಲ್ಟಾ ಕಾಣುತ್ತೆ. ಅದನ್ನು ಬಿಡಿಸೋಕೆ ಒಬ್ಬರನ್ನೇ ವರ್ಷಾನುಗಟ್ಟಲೆ ನೋಡಬೇಕು. ಐಐಎಸ್‌ಸಿಯ ಸೆಂಟರ್ ಫಾರ್ ಬ್ರೈನ್ ರಿಸರ್ಚ್ ಕೋಲಾರದ ಶ್ರೀನಿವಾಸಪುರದಲ್ಲಿ ಮಾಡ್ತಿರೋದು ಅದನ್ನೇ. 45 ದಾಟಿದ ಹತ್ತು ಸಾವಿರ ಹಳ್ಳಿಗರನ್ನು ಸೇರಿಸಿಕೊಳ್ಳುವ ಗುರಿ. ನೆನಪಿನ ಪರೀಕ್ಷೆ, ರಕ್ತ, ಎಂಆರ್‌ಐ, ಮತ್ತೆ ಮತ್ತೆ. ನಮ್ಮಲ್ಲಿ ಡೇಟಾ ಸೈನ್ಸ್ ಅಂತ ಕುಣಿಯುವವರು ಒಮ್ಮೆ ಆ ಕಡೆ ನೋಡಿ.

ಮೀಸಲಿಗೂ ಮಿತಿ ಇದೆ. ಹೆಚ್ಚು ಮೀಸಲು ಇದ್ದವರಲ್ಲಿ ಲಕ್ಷಣ ಶುರುವಾದ ಮೇಲೆ ಇಳಿತ ಇನ್ನೂ ವೇಗವಾಗಿರಬಹುದು, ಯಾಕಂದ್ರೆ ಅಷ್ಟರಲ್ಲಿ ಒಳಗಿನ ಹಾನಿ ತುಂಬ ಆಗಿರುತ್ತೆ. ಹೂ ಕಟ್ಟೋದು ಔಷಧಿ ಅಂತ ನಾನು ಹೇಳ್ತಿಲ್ಲ. ವಯಸ್ಸಾಯ್ತಲ್ಲ ಅಂತ ಕೈಯಿಂದ ಕೆಲಸ ಕಿತ್ಕೊಳ್ಳುವ ನಮ್ಮ ಪ್ರೀತಿ ಇದೆಯಲ್ಲ, ಅದರ ಬಗ್ಗೆ ನನಗೆ ಸಿಟ್ಟು.

ಡಾಕ್ಟರು ಕಿವಿ ಪರೀಕ್ಷೆ ಮಾಡಿಸಿ ಅಂದ್ರು. ಅರ್ಧ ಸಮಸ್ಯೆ ಅಲ್ಲೇ ಇತ್ತು, ಅವಳಿಗೆ ನಮ್ಮ ಉತ್ತರ ಕೇಳಿಸ್ತಾನೇ ಇರಲಿಲ್ಲ. ಮಷೀನ್ ಹಾಕಿಸಿ ಹೆಮ್ಮಾಡಿಗೆ ವಾಪಸ್ ಬಿಟ್ಟು ಬಂದ್ವಿ. ಕುಗ್ಗಿದ ಮೆದುಳು ಅದೇ. ಈಗಲೂ ಕೆಲವು ಹೆಸರು ಮರೀತಾಳೆ, ಹೂವಿನ ಲೆಕ್ಕ ಮರೆಯಲ್ಲ.

ಫೋನಲ್ಲಿ "ಆರಾಮಾ ಅಜ್ಜಿ?" ಅಂತ ಕೇಳೋದು ಬಿಟ್ಟಿದ್ದೀನಿ. ಎಷ್ಟು ಸಸಿ ನೆಟ್ಟಾಯ್ತು, ಯಾರ ಗದ್ದೆಗೆ ನೀರು ನುಗ್ತು ಅಂತ ಕೇಳ್ತೀನಿ. ಹೋದ ಭಾನುವಾರ ಸಾಲು ಸಾಲಾಗಿ ಲೆಕ್ಕ ಒಪ್ಪಿಸಿ, "ಬರ್ಕಂಡ್ಯಾ?" ಅಂದಳು. ನಾನು ಬರ್ಕೊಂಡಿರಲಿಲ್ಲ. ಮತ್ತೆ ಮೊದಲಿಂದ ಹೇಳಿದಳು.