ಕಣದಲ್ಲಿ ಬೆರಳು ಹೋದರೆ ಪರಿಹಾರ ಭಿಕ್ಷೆಯಲ್ಲ

ರಾಗಿ, ಜೋಳದ ಒಕ್ಕಣೆ ಈಗ ಬಹುಮಟ್ಟಿಗೆ ಯಂತ್ರದಿಂದಲೇ ಆಗುತ್ತಿದೆ. ತೆನೆ ತಳ್ಳುವಾಗ ಕೂಲಿಯಾಳಿನ ಬೆರಳು ಹೋದರೆ ಊರಿನಲ್ಲಿ ಆಗುವುದೇನು? ಆಸ್ಪತ್ರೆಯ ಖರ್ಚು, ಒಂದು ಮೂಟೆ ರಾಗಿ, ಮೇಲೆ ನಾಲ್ಕು ಸಮಾಧಾನದ ಮಾತು. ಇದು ನ್ಯಾಯವಲ್ಲ.

ದುಡಿಯುವಾಗಿನ ಗಾಯಕ್ಕೆ ಮಾಲೀಕ ಪರಿಹಾರ ಕೊಡಬೇಕೆಂಬ ಕಾನೂನು 1923ರಷ್ಟು ಹಳೆಯದು. 2025ರ ನವೆಂಬರ್ 21ರಿಂದ ಅದು ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಟ್ರ್ಯಾಕ್ಟರ್, ಎಂಜಿನ್ ಅಥವಾ ಕರೆಂಟಿನಿಂದ ನಡೆಯುವ ಯಂತ್ರದ ಬೇಸಾಯವೂ ಅದರ ಪಟ್ಟಿಯಲ್ಲಿದೆ. ಕುಡುಗೋಲಿನ ಗಾಯಕ್ಕೆ, ಎತ್ತು ಹಾಯ್ದುದಕ್ಕೆ ಅಲ್ಲಿ ಜಾಗವಿಲ್ಲ. ಅದು ಕಾನೂನಿನ ಕೊರತೆಯೆಂದೇ ನನ್ನ ಅಭಿಪ್ರಾಯ.

ಒಂದು ಕೈಯ ನಾಲ್ಕೂ ಬೆರಳು ಹೋದರೆ ದುಡಿಮೆಯ ಶಕ್ತಿಯಲ್ಲಿ ನೂರಕ್ಕೆ 50ರಷ್ಟು, ಹೆಬ್ಬೆರಳೊಂದೇ ಹೋದರೆ 30ರಷ್ಟು ನಷ್ಟವೆಂದು ಲೆಕ್ಕ. ಈ ನಷ್ಟ, ಕೂಲಿ, ವಯಸ್ಸು ಮೂರನ್ನೂ ನೋಡಿ ಹಣ ನಿಗದಿಯಾಗುತ್ತದೆ.

'ಅವನೇ ಎಚ್ಚರ ತಪ್ಪಿ ಕೈಯಿಟ್ಟ' ಎಂಬ ವಾದ ನಿಲ್ಲದು. ಕುಡಿದಿದ್ದ, ಬೇಕೆಂದೇ ರಕ್ಷಣೆಯ ತಗಡು ಕಿತ್ತ ಎಂಬುದು ಬೇರೆ ಮಾತು. (ಬೇಗ ಮುಗಿಯಲೆಂದು ಆ ತಗಡು ಕೀಳಿಸುವವರು ಹೆಚ್ಚಾಗಿ ಯಜಮಾನರೇ!) ಹಕ್ಕು ಬಿಟ್ಟೆನೆಂದು ಹೆಬ್ಬೆಟ್ಟು ಒತ್ತಿಸಿಕೊಂಡ ಕಾಗದಕ್ಕೂ ಬೆಲೆಯಿಲ್ಲ.

ಸಣ್ಣ ಹಿಡುವಳಿದಾರರು ಹೆದರುವುದು ಸಹಜ. ಒಂದು ಅಪಘಾತಕ್ಕೆ ಹೊಲವನ್ನೇ ಅಡವಿಡಬೇಕಾದೀತು. ಅದಕ್ಕೇ ವಿಮೆ ಬೇಕು. ಬಾಡಿಗೆ ಯಂತ್ರದವರು ಆಳುಗಳಿಗೆ ವಿಮೆ ಮಾಡಿಸಿದ್ದಾರೆಯೇ ಎಂದು ಯಂತ್ರ ಕಣಕ್ಕೆ ಬರುವ ಮೊದಲೇ ಕೇಳಿರಿ. ಗಾಯವಾದರೆ ಆಸ್ಪತ್ರೆಯ ಚೀಟಿಗಳನ್ನು ಜೋಪಾನವಾಗಿಟ್ಟು, ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲಿ ವಿಚಾರಿಸಿರಿ. ಎರಡು ವರ್ಷದೊಳಗೆ ಅರ್ಜಿ ಬೀಳಬೇಕು.